ಪಿಸುಮಾತಿನ ಗಟ್ಟಿಮೇಳ

ತುಮಕೂರಿನಲ್ಲಿ ನಾನು ಮೈಕ್‌ಸೆಟ್ ಇಟ್ಟುಕೊಂಡಿದ್ದಷ್ಟು ವರ್ಷವೂ ಊರಿನ ವಿಚಿತ್ರವೆಲ್ಲ ದಾರಿ ಕೇಳಿಕೊಂಡು ನನ್ನ ಅಂಗಡಿಗೇ ಬರುತ್ತಿತ್ತು. ಬೇರೆಯವರ ಅಂಗಡಿಗೆ ಯಾಕೆ ಹೋಗಲಿಲ್ಲ ಅಂದರೆ, ನನ್ನಷ್ಟು ಹೆಸರು ಅವರಿಗಿರಲಿಲ್ಲ. ಶಾಲೆಯನ್ನು ನಾನು ಹತ್ತಿದ್ದು ಬಾವುಟ ಹಾರಿಸೋ ದಿನ ಅದರ ಮಾಳಿಗೆಗೆ ಹಾರನ್ ಕಟ್ಟೋಕೆ ಮಾತ್ರ. ಆದರೂ ಇಲ್ಲಿ ಹೇಳೋದರಲ್ಲಿ ಸುಳ್ಳಿಲ್ಲ, ಎಲ್ಲೋ ಒಂದಿಷ್ಟು ಒಗ್ಗರಣೆ ಇರಬಹುದು.

೧. ಹಾರನ್ನಿನ ತಾಕತ್ತು

ಎಪ್ಪತ್ತರ ದಶಕ. ಗುಬ್ಬಿಯಲ್ಲಿ ಒಂದು ಗೃಹಪ್ರವೇಶ. ಹಾರನ್ ಕಟ್ಟಿ ಮೊದಲನೇ ಹಾಡಿನ ಪ್ಲೇಟು ಹಾಕಿದೆ ನೋಡಿ, ಪಕ್ಕದ ತೋಟದಲ್ಲಿ ತೆಂಗಿನಕಾಯಿ ದೊಪ್ ದೊಪ್ ಅಂತ ಉದುರೋಕೆ ಶುರುವಾಯಿತು. ಕಾಯಿ ಕೀಳುವವನು ಕುಡುಗೋಲು ಹಿಡಿದೇ ಓಡಿಬಂದ.

"ಏನ್ಲಾ, ಮರ ಹತ್ತೋ ಕೆಲಸ ನಂದು ಕಣೋ! ನೀನು ಕೆಳಗೆ ಕೂತ್ಕೊಂಡೇ ಕಿತ್ಬುಟ್ರೆ ನಾನೆಲ್ಲಿಗೋಗ್ಲಿ?"

ಎರಡನೇ ಪ್ಲೇಟು ಹಾಕಿದ್ದರೆ ಎಳನೀರೂ ಬೀಳುತ್ತಿತ್ತು. ಮನೆಯೊಡತಿ, ಇನ್ನೂ ಪೂಜೆ ಆಗಿಲ್ಲ, ಆಮೇಲೆ ಕುಡಿಯೋಣ ಅಂದರು.

೨. ಸದ್ದಿಲ್ಲದ ಸೆಟ್ಟು

ಇಂಥ ನನ್ನ ಹತ್ತಿರಕ್ಕೆ ಎಂಬತ್ತರ ದಶಕದಲ್ಲಿ ಹುತ್ರಿದುರ್ಗದ ಕಡೆಯ ಒಬ್ಬ ಯಜಮಾನರು ಮಗಳನ್ನು ಕರೆದುಕೊಂಡು ಬಂದರು. ಹುಡುಗಿ ಸೆರಗನ್ನು ಕಿವಿಗೆ ಒತ್ತಿ ಹಿಡಿದಿದ್ದಳು.

"ಮದುವೆಗೆ ಸೆಟ್ ಬೇಕಪ್ಪ. ಆದ್ರೆ ಸದ್ದು ಮಾಡಬಾರದು."

"ಯಜಮಾನ್ರೇ, ಅಡುಗೆಗೆ ಒಲೆ ಬೇಕು, ಉರಿ ಬೇಡ ಅಂದಂಗಾಯ್ತಲ್ಲ?"

ಅವರು ನಗಲಿಲ್ಲ. "ಇವಳಿಗೆ ಹುಟ್ಟಿದಾಗಿಂದ ಜೋರು ಸದ್ದು ಅಂದ್ರೆ ಮೈಗೆಲ್ಲ ಮುಳ್ಳು ಚುಚ್ಚಿದಂಗೆ. ಅಕ್ಕನ ಮದುವೇಲಿ ಗಟ್ಟಿಮೇಳ ಹೊಡೆದಾಗ ಓಡೋಗಿ ಕೋಣೇಲಿ ರಾಗಿ ತುಂಬೋ ವಾಡೆ ಸಂದೀಲಿ ಕೂತ್ಬುಟ್ಲು. ಈಗ ಇವಳದ್ದೇ ಮದುವೆ. ತಾಳಿ ಕಟ್ಟೋ ಹೊತ್ತಲ್ಲಿ ಹಸೆಮಣೆಯಿಂದ ಎದ್ದೋದ್ರೆ ಬೀಗರು ಬಸ್ ಹತ್ತಿಬಿಡ್ತಾರೆ. ಸೆಟ್ಟೇ ಬೇಡ ಅಂದ್ರೆ, ಇದೇನು ತಿಥಿಯಾ ಅಂತಾರೆ."

"ಹುಡುಗ ಏನ್ಮಾಡ್ತಾನೆ?"

"ಹಿರೇಹಳ್ಳೀಲಿ ತಗಡು ಬಡಿಯೋ ಶೆಡ್ಡಲ್ಲಿ ಕೆಲಸ. ಅಲ್ಲಿ ಕೂಗಿ ಕೂಗಿ ಅಭ್ಯಾಸ. ಹೆಣ್ಣು ನೋಡೋಕೆ ಬಂದಾಗ ಉಪ್ಪಿಟ್ಟು ಚೆನ್ನಾಗಿದೆ ಅಂದಿದ್ದು ಕೆರೆ ಆಚೆಯೋರಿಗೂ ಕೇಳಿಸ್ತು."

"ಅಂಥವನನ್ನ ಹೆಂಗಮ್ಮ ಒಪ್ಪಿದೆ?" ಅಂತ ನಾನು ಹುಡುಗಿಯನ್ನೇ ಕೇಳಿದೆ.

ಅವಳು ಮೆಲ್ಲಗೆ ಅಂದಳು: "ನಾನು ಕಿವಿ ಮುಚ್ಕೊಂಡಿದ್ದು ನೋಡಿದ್ರು. ಆಮೇಲೆ ಒಂದು ಮಾತೂ ಆಡಲಿಲ್ಲ. ನೀರನ್ನೂ ಸನ್ನೇಲೇ ಕೇಳಿದ್ರು."

"ಅಷ್ಟಕ್ಕೇ ಅವನ ಸೋದರಮಾವ, ಉಪ್ಪಿಟ್ಟು ಗಂಟಲಿಗೆ ಸಿಕ್ಕಾಕೊಂಡದೆ ಅಂತ ಬೆನ್ನಿಗೆ ಗುದ್ದಿದ್ದೇ ಗುದ್ದಿದ್ದು!" ಅಂದರು ಅಪ್ಪ.

೩. ಪ್ಲೇಟು ಪರೀಕ್ಷೆ

ಯಾವ ಹಾಡು ಹಾಕಬೇಕು ಅಂತ ನಾನು ಆರಿಸಿದರೆ ಆಗದು, ಅವಳೇ ಆರಿಸಲಿ ಅಂತ ಒಂದೊಂದೇ ಪ್ಲೇಟು ಸಣ್ಣದಾಗಿ ಹಾಕುತ್ತಾ ಬಂದೆ. ಭಜನೆ ಹಾಕಿದೆ. ತಾಳದ ಮೊದಲನೇ ಏಟಿಗೇ ಸೆರಗು ಕಿವಿಗೆ ಹೋಯಿತು. ಕೊಳಲು ಹಾಕಿದೆ. "ಇಂಪಾಗೇ ಇದೆ, ಆದ್ರೆ ಹಲ್ಲು ಜುಂ ಅಂತದೆ," ಅಂದಳು. ವೀಣೆ ಹಾಕಿದೆ. ಸೆರಗು ಒಂದು ಕಡೆ ಇಳಿಯಿತು. ದಪ್ಪ ದನಿಯ ಹೆಂಗಸೊಬ್ಬಳ ಜೋಗುಳ ಹಾಕಿದೆ. ಎರಡೂ ಕಿವಿ ಆಚೆ ಬಂದವು, ಓಲೆ ಸಮೇತ.

ಹುರುಪಿನಲ್ಲಿ ನನಗೆ ಬಲು ಇಷ್ಟವಾದ ಕುಣಿತದ ಪ್ಲೇಟೊಂದನ್ನು ಹಾಕಿದೆ.

"ಇದು ಬೇಡ, ಪಾತ್ರೆ ಬಿದ್ದಂಗಿದೆ."

"ಏನವ್ವಾ ಹಂಗಂತೀಯ! ಇಡೀ ಜಿಲ್ಲೆ ಎದ್ದು ಕುಣಿದದೆ ಇದಕ್ಕೆ!"

"ಪಾತ್ರೆ ಬಿದ್ರೂ ಎಲ್ಲಾ ಎದ್ದು ಹಾರ್ತಾರಲ್ಲಣ್ಣ."

೪. ಚಪ್ಪರದಲ್ಲಿ ಜೋಗುಳ

ಮದುವೆ ದಿನ ಬೆಳಿಗ್ಗೆ ಹಾರನ್ನಿನ ಬಾಯಿಗೆ ಒಂದು ಗೋಣಿಚೀಲ ಕಟ್ಟಿ, ವೀಣೆ, ಜೋಗುಳ, ಮತ್ತೆ ವೀಣೆ, ಮತ್ತೆ ಜೋಗುಳ ಹಾಕಿದೆ. ಹಾರನ್ ಯಾರದ್ದು? ನನ್ನದು! ಚೀಲ ಕಟ್ಟಿದರೂ ಅದರ ಪ್ರಭಾವ ತಡೆಯೋಕಾಗುತ್ತದಾ? ಬೀಗರು ಜಮಖಾನದ ಮೇಲೆ ಸಾಲಾಗಿ ಉರುಳಿದರು. ಸಾರು ತಿರುವುತ್ತಿದ್ದ ಅಡುಗೆಯವನು ಸೌಟಿಗೆ ಗಲ್ಲ ಊರಿ ಗೊರಕೆ ಹೊಡೆದ. ಕುಣಿಗಲ್ಲಿನಿಂದ ದಿಬ್ಬಣ ತಂದಿದ್ದ ಡ್ರೈವರನ್ನು ಆಮೇಲೆ ಊಟಕ್ಕೆ ಎಬ್ಬಿಸೋಕೆ ಅವನ ಬಸ್ಸಿನದೇ ಹಾರನ್ ಹೊಡೆಯಬೇಕಾಗಿತ್ತು. ಹುಡುಗಿ ಇದ್ದದ್ದರಿಂದ ಅದೂ ಆಗಲಿಲ್ಲ. ಪಾಪ, ಒಬ್ಬಟ್ಟು ತಪ್ಪಿಹೋಯಿತು.

೫. ಮೊದಲು ಕಿವಿ

ಮುಹೂರ್ತದ ಹೊತ್ತಿಗೆ ಬೀಗರು ಹೇಗೋ ಎದ್ದು ಕೂತರು. ಉಳಿದದ್ದು ಗಟ್ಟಿಮೇಳ. ಜೋಯಿಸರು ನನ್ನನ್ನು ಪಕ್ಕಕ್ಕೆ ಕರೆದರು. "ಅಲ್ಲಯ್ಯ, ತಾಳಿ ಕಟ್ಟುವಾಗ ಸೀನು ಗೀನು ಕೇಳಿಸಬಾರದು ಅಂತ ತಾನೇ ಗಟ್ಟಿಮೇಳ ಹೊಡೆಯೋದು? ಮೆಲ್ಲಗೆ ಹೊಡೆದು, ಯಾರಾದ್ರೂ ಸೀನಿದರೆ?"

"ಸೀನೋರನ್ನ ನನಗೆ ಬುಡಿ ಸ್ವಾಮಿ," ಅಂದೆ. ಹುಡುಗನ ಆ ಸೋದರಮಾವ ನಶ್ಯದ ಗಿರಾಕಿ. ಅವರ ಡಬ್ಬಿಯನ್ನು ಆಗಲೇ ಕಿತ್ತು ಜೇಬಿಗಿಟ್ಟಿದ್ದೆ.

ಮುಹೂರ್ತ ಬಂತು. ಹುಡುಗಿ ಕಣ್ಣುಮುಚ್ಚಿ ಮಣೆಯ ಅಂಚನ್ನು ಬಿಗಿಯಾಗಿ ಹಿಡಿದಳು. ಅವಳು ಓಡಿದರೆ ಹಿಡಿಯೋಣ ಅಂತ ಅವಳ ಅಪ್ಪ ವಾಡೆ ಇದ್ದ ಕೋಣೆಯ ಬಾಗಿಲಲ್ಲೇ ನಿಂತಿದ್ದರು. ಜೋಯಿಸರು ಕೈ ಎತ್ತಿ, ಗುಟ್ಟು ಹೇಳುವವರ ಹಾಗೆ, "ಗಟ್ಟಿಮೇಳ... ಗಟ್ಟಿಮೇಳ..." ಅಂದರು. ಡೋಲಿನವನು ಬೆರಳ ತುದಿಯಲ್ಲಿ ಡೋಲು ಸವರಿದ. ವಾಲಗದವನು ಕೆನ್ನೆ ಉಬ್ಬಿಸಿದನೇ ಹೊರತು ಉಸಿರು ಬಿಡಲಿಲ್ಲ. ಹುಡುಗಿ ಅಲ್ಲಾಡಲಿಲ್ಲ. ಗೆದ್ದೆ ಅಂದುಕೊಂಡೆ.

ಆ ಗೋಣಿಚೀಲದ ವಿಷಯ ಹೇಳೋದು ಮರೆತೆ. ಅದು ಮಂಡಿಯಿಂದ ತಂದದ್ದು, ಒಣಮೆಣಸಿನಕಾಯಿಯದು. ನನ್ನ ಹಾರನ್ ವೀಣೆ ನುಡಿಸಿಯೇ ಅದನ್ನು ಬೆಳಗಿನಿಂದ ಕೊಡವಿತ್ತು. ಬೇರೆಯವರ ಹಾರನ್ನಿಗೆ ಅಷ್ಟು ತಾಕತ್ತೆಲ್ಲಿ! ಆ ಘಾಟು ನೆಟ್ಟಗೆ ಸೋದರಮಾವನ ಮೂಗಿಗೇ ಹೋಯಿತು. ಅವರ ಮುಖ ಚಪ್ಪರದ ಕಡೆ ಎದ್ದಿತು. "ಆ... ಆ..."

ತಾಳಿ ಹಿಡಿದು ಬಾಗಿದ್ದ ಹುಡುಗ ಅದನ್ನು ನೋಡಿದ. ತಕ್ಷಣ ತಾಳಿಯ ದಾರವನ್ನು ಹಲ್ಲಲ್ಲಿ ಕಚ್ಚಿ, ಎರಡೂ ಅಂಗೈಯಿಂದ ಹುಡುಗಿಯ ಕಿವಿ ಗಬಕ್ಕನೆ ಮುಚ್ಚಿದ.

"ಆಕ್ಷೀ!" ಹುತ್ರಿದುರ್ಗದ ಕೋಟೆಯ ಪಾರಿವಾಳಗಳೆಲ್ಲ ಎದ್ದವು.

"ಏನಯ್ಯಾ ಇದು! ಮೊದ್ಲು ತಾಳಿ ಕಟ್ಟೋದಲ್ವಾ?" ಅಂದರು ಜೋಯಿಸರು.

ಹುಡುಗ ದಾರವನ್ನು ಬಾಯಿಂದ ತೆಗೆದು, ಜೀವಮಾನದಲ್ಲಿ ಮೊದಲ ಸಲ ಪಿಸುಗುಟ್ಟಿದ: "ಮೊದ್ಲು ಕಿವಿ ಸ್ವಾಮಿ. ಆಮೇಲೆ ಕುತ್ತಿಗೆ."

ಅಷ್ಟರಲ್ಲಿ ಬೀಗರ ಹೆಂಗಸರಲ್ಲಿ ಗುಸುಗುಸು ಎದ್ದಿತು. "ಗಂಟು ಬೀಳೋಕೆ ಮುಂಚೆ ಸೀನು ಬಿತ್ತಲ್ಲೇ! ಅಪಶಕುನ ಕಣೇ!" ಹುಡುಗಿಯ ಅಪ್ಪನ ಮುಖ ಬಿಳಿಚಿಕೊಂಡಿತು. ಜೋಯಿಸರು ಗಡಬಡಿಸಿ ಪಂಚಾಂಗ ತಿರುವಿದರು. ಎಲ್ಲರೂ ಹುಡುಗಿಯನ್ನೇ ನೋಡಿದರು. ಅವಳು ಕಣ್ಣು ಬಿಟ್ಟು ನೆಟ್ಟಗೆ ಕೂತಳು.

"ಯಾವ ಸೀನು? ನನಗೇನೂ ಕೇಳಿಸಲೇ ಇಲ್ವಲ್ಲ."

ಜೋಯಿಸರಿಗೆ ಜೀವ ಬಂತು. "ಹೆಣ್ಣಿಗೇ ಕೇಳಿಸಿಲ್ಲ ಅಂದ್ಮೇಲೆ ಶಾಸ್ತ್ರ ಸರಿಹೋಯ್ತು! ಕಟ್ಟಪ್ಪಾ, ಬೇಗ ಕಟ್ಟು, ನಿಮ್ಮ ಮಾವನ ಮೂಗು ಮತ್ತೆ ಮೇಲೇಳ್ತಾ ಇದೆ!"