ಮಹಡಿ ಮೇಲಿನ ಪರದೇಶ

ಸದ್ದೇ ಮಾಡದ ಹೊಸ ಮೋಟರು ಹಾಕಿ ಬಂದು ಮೇಷ್ಟ್ರು ಪೇಪರಿನ ಕೊನೆಯ ಪುಟ ತಿರುವಿದ್ದರಷ್ಟೆ. ಒಳಕೋಣೆಯಿಂದ ಅತ್ತೆ ಕೂಗಿಕೊಂಡರು. ಮುರಿದ ಕಾಲಿಗೆ ಪ್ಲಾಸ್ಟರ್ ಹಾಕಿ, ಅಲ್ಲಾಡಕೂಡದೆಂದು ಡಾಕ್ಟರು ಮಲಗಿಸಿದ್ದ ಆ ಹೆಂಗಸಿನ ಮೇಲೆ ಸೂರಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಪ್ಲಾಸ್ಟರ್ ನೆಂದರೆ ಅಮ್ಮನ್ನ ನೀವೇ ಹೊತ್ಕೊಂಡು ಆಸ್ಪತ್ರೆಗೆ ಹೋಗಬೇಕು," ಎಂದರು ಹೆಂಡತಿ, ತಾಯಿಯ ಕೈಗೆ ಕೊಡೆ ಕೊಡುತ್ತ. ಅತ್ತೆಯ ಗಾತ್ರ ನೆನೆದೇ ಮೇಷ್ಟ್ರಿಗೆ ಸೊಂಟ ಹಿಡಿದುಕೊಂಡಿತು.

ಮಹಡಿಯಲ್ಲಿ ಬಾಡಿಗೆಗಿದ್ದದ್ದು ಒಂದು ಪುಟ್ಟ ದ್ವೀಪರಾಷ್ಟ್ರದ ರಾಯಭಾರ ಕಚೇರಿ. ಇಪ್ಪತ್ತು ವರ್ಷ ಅಂತಾರಾಷ್ಟ್ರೀಯ ಕಾನೂನು ಪಾಠ ಹೇಳಿದ ತನಗೆ ಇದ್ಯಾವ ಮಹಾ ಎಂದುಕೊಂಡು ಮೇಷ್ಟ್ರು ಪ್ಲಂಬರನನ್ನು ಕರೆಸಿ, ಅವನ ಜತೆ ದಡದಡ ಮೆಟ್ಟಿಲು ಹತ್ತಿದರು. ಬಾಗಿಲಿಗೆ ಅಡ್ಡ ಕೂತಿದ್ದ ಗುಮಾಸ್ತ ಅವರದೇ ಹಳೇ ಶಿಷ್ಯ. ಒಳಗಿನ ಬೀಗದ ಕೈ ರಾಯಭಾರಿಗಳ ಹತ್ತಿರ ಇದೆ, ಬರುವುದು ಮಧ್ಯಾಹ್ನ, ಅವರು ಒಪ್ಪದೆ ಬೆಂಕಿ ಬಿದ್ದರೂ ಯಾರೂ ಒಳಗೆ ಕಾಲಿಡುವಂತಿಲ್ಲ ಎಂದುಬಿಟ್ಟ.

"ಲೋ, ಇದು ನನ್ನ ಮನೆ ಕಣೋ."

"ಮನೆ ನಿಮ್ಮದೇ ಸಾರ್. ಒಳಗೆ ಬಿಡೋದು, ಬಿಡದೇ ಇರೋದು ನಮ್ಮಿಷ್ಟ. ನೀವೇ ಬರೆಸಿದ ನೋಟ್ಸು."

ಎದುರುಮನೆಯ ನಿವೃತ್ತ ಪೊಲೀಸಪ್ಪ ತನ್ನ ಬಾಲ್ಕನಿಯಿಂದಲೇ, ನುಗ್ಗಿದರೆ ಯುದ್ಧವಾದೀತು ಎಂದು ಬುದ್ಧಿ ಹೇಳಿದರು. ಅದನ್ನು ಕೇಳಿದ್ದೇ ತಡ, ಪ್ಲಂಬರು ಕಂಬಿ ಕಿತ್ತ.

ಮೇಷ್ಟ್ರು ಅಷ್ಟಕ್ಕೆಲ್ಲ ಜಗ್ಗುವ ಆಸಾಮಿಯಲ್ಲ. ಕೆಳಗೆ ಬಂದು ಒಂದು ಒಪ್ಪಂದವನ್ನೇ ಬರೆದರು. ಎಂಥ ಸಾರ್ವಭೌಮನಿಗೂ ತನ್ನ ಜಾಗದಿಂದ ನೆರೆಯವನಿಗೆ ಹಾನಿ ಮಾಡುವ ಹಕ್ಕಿಲ್ಲ. ನೀರು ಬಿಟ್ಟವರು ಯಾರೇ ಆಗಲಿ, ಖುದ್ದಾಗಿ ಕ್ಷಮೆ ಕೇಳಿ, ಒದ್ದೆಯಾದದ್ದನ್ನೆಲ್ಲ ಸ್ವಂತ ಕೈಯಿಂದ ಒರೆಸತಕ್ಕದ್ದು. ಬರೆದದ್ದನ್ನು ಅತ್ತೆಗೆ ಓದಿ ಹೇಳಿದರು. ಅತ್ತೆ ಕೊಡೆಯ ಕೆಳಗಿನಿಂದಲೇ ಭೇಷ್ ಎಂದರು.

ಮಧ್ಯಾಹ್ನ ಬಂದ ರಾಯಭಾರಿ ಅದನ್ನು ಓದಿ, ತಲೆದೂಗಿ, ಸಹಿ ಹಾಕಿದರು. ಮೆಟ್ಟಿಲ ತುಂಬ ನೆರೆದಿದ್ದ ಬೀದಿಯವರ ಮುಂದೆ ಮೇಷ್ಟ್ರೂ ಎದೆಯುಬ್ಬಿಸಿ ಸಹಿ ಹಾಕಿದರು. ಬೀಗ ತೆಗೆದರೆ ಒಳಗೆ ಪಾದ ಮುಳುಗುವಷ್ಟು ನೀರು. ಕಡತ, ಕುರ್ಚಿ, ಕೊನೆಗೆ ರಾಷ್ಟ್ರಧ್ವಜವೂ ತೊಪ್ಪೆಯಾಗಿತ್ತು. ನಲ್ಲಿಗಳು ಮಾತ್ರ ಭದ್ರವಾಗಿ ಮುಚ್ಚಿದ್ದವು. ಬಚ್ಚಲಿನ ಅಟ್ಟದ ಮೇಲೆ, ಇಡೀ ಮನೆಗೆ ನೀರು ಕೊಡುವ ಟ್ಯಾಂಕು ಉಕ್ಕಿ ಹರಿಯುತ್ತಿತ್ತು.

ಅದೇ ಹೊತ್ತಿಗೆ ಕೆಳಗಿನಿಂದ ಹೆಂಡತಿಯ ದನಿ ಕೇಳಿಸಿತು. "ರೀ, ಬೆಳಿಗ್ಗೆ ಹಾಕಿದ ಮೋಟರು ಆರಿಸಲೇ ಇಲ್ವಲ್ರೀ. ಅಮ್ಮನ ಪ್ಲಾಸ್ಟರ್ ನೆಂದುಹೋಯ್ತು, ಹೊತ್ಕೊಳ್ಳೋಕೆ ಬನ್ನಿ."

ಮೇಷ್ಟ್ರು ಮೆಲ್ಲಗೆ ಬಾಗಿಲ ಕಡೆ ತಿರುಗಿದರು. ಅಲ್ಲಿ ಗುಮಾಸ್ತ ಒಂದು ಕೈಯಲ್ಲಿ ಒಪ್ಪಂದ, ಇನ್ನೊಂದರಲ್ಲಿ ಬಕೆಟ್ಟು ಹಿಡಿದು ನಿಂತಿದ್ದ.

"ಒಳಗೆ ಬರೋಕೆ ಅನುಮತಿ ಸಿಕ್ಕಿದೆ ಸಾರ್. ಒರೆಸಿ ಮುಗಿಸೋವರೆಗೂ ಹೊರಗೆ ಹೋಗೋಕೆ ಇಲ್ಲ."