ಕೋಳಿಜುಟ್ಟಿನ ಕಲ್ಲು

ಕಲ್ಲನ್ನು ಯಾರೂ ಕದ್ದಿಲ್ಲ, ಯಾರೂ ಬದಲಿ ಇಟ್ಟಿಲ್ಲ. ಹುಣಸೆಹಣ್ಣು ಹಚ್ಚಿ ತಿಕ್ಕಿ ತಿಕ್ಕಿ ಅದನ್ನು ಕೊಂದವನು ನನ್ನ ಮೈದುನನೇ. ಟಿಳಕವಾಡಿಯ ನಮ್ಮ ಓಣಿಯಲ್ಲಿ ಈಗ ಬೇರೆ ಬೇರೆ ಕಥೆಗಳು ಓಡಾಡುತ್ತಿವೆ. ಬಂಗಾರದ ಗಟ್ಟಿ ಇತ್ತಂತೆ, ಹಾಡಹಗಲೇ ಹೋಯಿತಂತೆ! ಹೋದದ್ದು ಖರೆ. ಆದರೆ ಅದು ಬಂಗಾರವೂ ಅಲ್ಲ, ಬಂದವರು ಕಳ್ಳರೂ ಅಲ್ಲ. ನಾನು ಕಲಿತದ್ದು ನಾಲ್ಕನೆಯ ಇಯತ್ತೆಯವರೆಗೆ. ಸುಳ್ಳು ಹೆಣೆಯಲು ಬೇಕಾಗುವಷ್ಟು ವಿದ್ಯೆ ನನ್ನಲ್ಲಿಲ್ಲ. ಆದದ್ದನ್ನು ಆದಂತೆ ಹೇಳುತ್ತೇನೆ.

ನನ್ನ ಮೈದುನನಿಗೆ ಮದುವೆಯಿಲ್ಲ. ಆಟೋ ನಗರದ ಒಂದು ವರ್ಕ್‌ಶಾಪಿನಲ್ಲಿ ಲೇಥ್ ಮಶೀನಿನ ಮುಂದೆ ನಿಂತು ಆಯುಷ್ಯ ಕಳೆದ. ಈಗ ನಮ್ಮ ಮನೆಯ ಹಿಂದಿನ ಖೋಲಿಯಲ್ಲಿ ಇರುತ್ತಾನೆ. ಇರುತ್ತಾನೆ ಅಂದರೆ ಏನು, ಅಲ್ಲಿ ಇರುವುದು ಕಲ್ಲುಗಳು. ನಡುವೆ ಸಿಕ್ಕ ಜಾಗದಲ್ಲಿ ಇವನು ಮೈ ಚಾಚುತ್ತಾನೆ. ಮಂಚದ ಕೆಳಗೆ ಕಲ್ಲು, ಕಿಟಕಿಯಲ್ಲಿ ಕಲ್ಲು, ಅಂಗಿಯ ಕಿಸೆಯಲ್ಲಿ ಕಲ್ಲು. ಇವನ ಅಂಗಿ ಹಾಕಿದ ದಿನ ನಮ್ಮ ವಾಶಿಂಗ್ ಮಶೀನು ಹಿಟ್ಟಿನ ಗಿರಣಿಯಂತೆ ಕೂಗುತ್ತದೆ!

ಖಾನಾಪುರ ಬಸ್ಸಿನ ಕಂಡಕ್ಟರನಿಗೂ ಇವನ ಪರಿಚಯವಿದೆ. ಒಮ್ಮೆ ಇವನ ಚೀಲ ಎತ್ತಲು ಹೋಗಿ ಅವನ ಸೊಂಟ ಹಿಡಿಯಿತು.

“ಅಜ್ಜಾರ, ಏನೈತ್ರಿ ಇದರಾಗ?”

“ಕಲ್ಲು.”

“ಯಾಕ್ರಿ, ಬೆಳಗಾವ್ಯಾಗ ಕಲ್ಲಿಲ್ಲೇನ್ರಿ?”

“ಅದಾವಪಾ. ಆದ್ರ ಅವು ಖಾನಾಪುರದಾಗ ಹುಟ್ಟಿದ್ದಲ್ಲ.”

ಕಂಡಕ್ಟರ್ ಟಿಕೀಟು ಹರಿದು ಕೊಟ್ಟು ಮುಂದಿನ ಸೀಟಿಗೆ ಸರಿದ. ಇವನ ಸಂಗಡ ವಾದ ಮಾಡಿದವರಿಗೆಲ್ಲ ಕಡೆಗೆ ಅದೇ ಗತಿ.

ಕೂಡಿಸಿಡುವುದಾದರೆ ಕೂಡಿಸಿಡಲಿ. ಆದರೆ ಇವನು ಕಲ್ಲನ್ನು ನೆಕ್ಕುತ್ತಾನೆ! ನೀರು ತಾಗಿದರೆ ಬಣ್ಣ ಎದ್ದು ಕಾಣುತ್ತದಂತೆ, ನಾಲಿಗೆಗೆ ಅಂಟಿದರೆ ಅದರಲ್ಲಿ ಜೇಡಿಯಿದೆ ಎಂದು ತಿಳಿಯುತ್ತದಂತೆ. ನನ್ನ ಮೊಮ್ಮಗನಿಗೆ ಹೆಣ್ಣು ನೋಡಲು ಸದಾಶಿವನಗರಕ್ಕೆ ಹೋದಾಗ ಇವನನ್ನೂ ಕರೆದುಕೊಂಡು ಹೋದೆವು. ಮನೆಯಲ್ಲೇ ಬಿಟ್ಟು ಹೋಗಬೇಕಾಗಿತ್ತು. ಹುಡುಗಿ ಚಹಾ ತರುವಷ್ಟರಲ್ಲಿ ಇವನು ಶೋಕೇಸಿನ ಒಂದು ಹೊಳಪುಗಲ್ಲನ್ನು ಕೈಗೆ ತೆಗೆದುಕೊಂಡ. ತಿರುಗಿಸಿ ನೋಡಿದ. ನಾನು ಕಣ್ಣು ಕೆಕ್ಕರಿಸಿದೆ. ನನ್ನ ಕಣ್ಣಿಗೆ ಇವನು ಯಾವತ್ತು ಹೆದರಿದ್ದಾನೆ? ಮುಟ್ಟಿಸಿಯೇಬಿಟ್ಟ ನಾಲಿಗೆ!

ಹುಡುಗಿಯ ತಂದೆ ಗಾಬರಿಯಾದರು. “ಸ್ವಲ್ಪ ತಡೀರಿ ಯಜಮಾನ್ರ, ಶಿರಾ ತರಾಕತ್ತಾರ್ರಿ!”

“ಹಸಿವಿಲ್ರೀ ನನಗ. ಕಲ್ಲು ಹಸಿ ಆಗಬೇಕಾಗಿತ್ತು,” ಅಂದ ಇವನು.

ಹುಡುಗಿ ಚಹಾದ ತಾಟು ಹಿಡಿದುಕೊಂಡೇ ನಕ್ಕಳು. ಲಗ್ನ ಗಟ್ಟಿಯಾಯಿತು. ಅವಳು ಈಗಲೂ ಹೇಳುತ್ತಾಳೆ, “ಅಜ್ಜೀ, ಅವತ್ತ ನಿಮ್ಮ ಮೊಮ್ಮಗನ ಮಾರಿ ನನಗ ನೆನಪ ಉಳಿಲಿಲ್ಲ. ಕಲ್ಲು ನೆಕ್ಕಿದ ಸಣ್ಣಜ್ಜ ಅಷ್ಟ ಉಳದ್ರು.” ಈ ಹುಡುಗಿಯನ್ನು ನೆನಪಿಡಿ, ಮುಂದೆ ಬರುತ್ತಾಳೆ.

ಇನ್ನು ಆ ಕಲ್ಲಿನ ವಿಷಯ. ಖಾನಾಪುರದ ಕಡೆಯ ಒಂದು ಹಳ್ಳಿಯಲ್ಲಿ ನಮಗೆ ಹೊಲವಿದೆ, ಹೊಲದಲ್ಲಿ ಬಾವಿಯಿದೆ. ನಾನು ಲಗ್ನವಾಗಿ ಆ ಮನೆಯ ಹೊಸ್ತಿಲು ದಾಟಿದ ವರ್ಷವೇ ನೀರು ಸಾಲದೆಂದು ಆ ಬಾವಿಯನ್ನು ಇನ್ನಷ್ಟು ಆಳ ತೋಡಿದರು. ಅಲ್ಲಿಯವರೆಗೆ ಸಿಹಿಯಿದ್ದ ನೀರು ಹುಳಿಯಾಯಿತು. ಬೇಳೆ ಬೇಯದು, ಧೋತರ ಒಗೆದರೆ ತುಕ್ಕಿನ ಕಲೆ. ನಮ್ಮ ಅತ್ತೆ ಹೆಚ್ಚು ವಿಚಾರ ಮಾಡಲಿಲ್ಲ. “ಸೊಸಿ ಕಾಲ್ಗುಣ,” ಅಂದುಬಿಟ್ಟರು. ಊರೂ ಹೌದೆಂದಿತು. ನನ್ನ ಕಾಲಿಗೆ ಅಷ್ಟು ಶಕ್ತಿಯಿದ್ದಿದ್ದರೆ ನಾನು ಹೊಲವನ್ನೇ ಒದ್ದು ಬೆಳೆ ತೆಗೆಯುತ್ತಿರಲಿಲ್ಲವೇ? ಆದರೆ ಸೊಸೆಯ ಮಾತನ್ನು ಕೇಳುವವರು ಯಾರು? ಹಳ್ಳಕ್ಕೆ ಹೋಗಿ ಕುಡಿಯುವ ನೀರು ಹೊತ್ತು ತರುವುದು ನನ್ನ ಪಾಲಿಗೆ ಬಂತು. ಮೈದುನ ಆಗ ಚಡ್ಡಿ ಹಾಕುವ ವಯಸ್ಸಿನವನು. ಒಂದು ತಂಬಿಗೆ ಹಿಡಿದು ಹಿಂದೆ ಹಿಂದೆ ಬರುತ್ತಿದ್ದ. ಬರುವಾಗ ತಂಬಿಗೆಯಲ್ಲಿ ನೀರಿಗಿಂತ ಕಲ್ಲೇ ಹೆಚ್ಚು. ನಾನು ಅವನ್ನು ಅಂಗಳಕ್ಕೆ ಸುರುವುತ್ತಿದ್ದೆ, ಅವನು ಮತ್ತೆ ಆರಿಸಿಕೊಳ್ಳುತ್ತಿದ್ದ.

ಈ ಬೇಸಿಗೆಯಲ್ಲಿ ಹೊಲ ನೋಡಿಕೊಳ್ಳುವ ನಮ್ಮ ಭಾವನ ಮಗ ಅದೇ ಬಾವಿಯನ್ನು ಮಶೀನು ಹಚ್ಚಿ ಮತ್ತಷ್ಟು ಆಳಕ್ಕೆ ಇಳಿಸಿದ. ತಳದಿಂದ ಕಾಡಿಗೆಯಂಥ ಕರಿಗಲ್ಲು ಬಂತು. ಅದರಲ್ಲೊಂದು ಒಡೆದಾಗ ಒಳಗೆ ಹಿತ್ತಾಳೆಯಂತೆ ಥಳಥಳ. ಮಶೀನಿನವನು “ಸೋನ! ಸೋನ!” ಎಂದು ಮರಾಠಿಯಲ್ಲಿ ಬಂಗಾರದ ಹೆಸರು ಕೂಗಿ ಕೆಳಗೆ ಹಾರಿದ. ಊರೇ ಕೂಡಿತು. ನಮ್ಮವನೂ ಅಲ್ಲೇ ಇದ್ದ. ಬಾವಿ ತೋಡುತ್ತಾರೆಂದರೆ ಇವನನ್ನು ಕಟ್ಟಿಹಾಕುವುದು ಸಾಧ್ಯವೇ? ಒಡೆದ ಟೈಲ್ಸಿನ ಹಿಂಬದಿಗೆ ಆ ಕಲ್ಲನ್ನು ಗೀಚಿದ. ಬಂಗಾರವಾಗಿದ್ದರೆ ಬಂಗಾರದ್ದೇ ಗೀರು ಬೀಳಬೇಕು. ಬಿದ್ದದ್ದು ಕರಿ ಗೀರು. ಅಂಚಿಗೊಂದು ಸುತ್ತಿಗೆ ಏಟು ಕೊಟ್ಟ. ಬಂಗಾರ ಚಪ್ಪಟೆಯಾಗುತ್ತದೆ, ಇದು ಕಿಡಿ ಹಾರಿಸಿ ಸಿಡಿಯಿತು, ಪಟಾಕಿಯ ವಾಸನೆ ಬಂತು.

“ಬಂಗಾರಲ್ಲಾ!” ಎಂದು ಕುಣಿದ ಇವನು. ಊರಿನವರು ಸೆಟೆದುಕೊಂಡು ಮನೆಗೆ ಹೋದರು. ಸಿಕ್ಕದ್ದು ಬಂಗಾರವಲ್ಲವೆಂದು ಕುಣಿದ ಮನುಷ್ಯನನ್ನು ನಾನು ಈ ಜನ್ಮದಲ್ಲಿ ಬೇರೆ ಕಂಡಿಲ್ಲ.

ಮನೆಗೆ ತಂದು ನನಗೆ ತೋರಿಸಿದ. ಚೆಂದವೇನೋ ಚೆಂದವೇ. ಸಣ್ಣ ಸಣ್ಣ ಭರ್ಜಿಯ ಮೊನೆಗಳು ಸಾಲಾಗಿ ಎದ್ದು ನಿಂತು ಥೇಟ್ ಕೋಳಿಯ ಜುಟ್ಟು!

“ಮಾರ್ಕಸೈಟ್ ಅಂತಾರ ವೈನಿ ಇದಕ್ಕ. ಕಬ್ಬಿಣ, ಗಂಧಕ, ಎರಡ ಸಾಮಾನು. ಪೈರೈಟ್ ಅಂತ ಒಂದೈತಿ, ಅದರಾಗೂ ಇವ ಎರಡ. ಆದ್ರ ಅದು ಡಬ್ಬಿ ಡಬ್ಬಿ ಆಕಾರ, ಎಲ್ಲಾ ಕಡೆ ಸಿಗತೈತಿ. ಇದು ಅಪರೂಪ.”

“ಸಾಮಾನು ಅವ ಅಂದಮ್ಯಾಲ ಕಲ್ಲು ಬ್ಯಾರೆ ಹೆಂಗೋ?”

“ಜ್ವಾಳದ ಹಿಟ್ಟು, ಬಿಸಿನೀರು. ರೊಟ್ಟೀನೂ ಆಗತೈತಿ, ಕಡಬೂ ಆಗತೈತಿ. ಒಂದ ಏನು?”

ನನ್ನ ಒಲೆಯ ಮುಂದೆ ಉಂಡುಂಡು ಇಷ್ಟಾದರೂ ಕಲಿತಿದ್ದಾನೆ ಅನಿಸಿತು.

ಮೊಮ್ಮಗನ ಹೆಂಡತಿ ಅದರ ಫೋಟೋ ತೆಗೆದು ತಾನು ಓದಿದ ಕಾಲೇಜಿನ ಭೂಗರ್ಭಶಾಸ್ತ್ರದ ಮೇಡಮ್ಮಿಗೆ ಕಳಿಸಿದಳು. ಕಲ್ಲನ್ನು ಕಣ್ಣಾರೆ ನೋಡುತ್ತೇನೆ, ಖರೆಯಾಗಿದ್ದರೆ ಕಾಲೇಜಿನ ಗಾಜಿನ ಕಪಾಟಿನಲ್ಲಿ ನಿಮ್ಮ ಊರಿನ ಹೆಸರು ಬರೆದು ಇಡುತ್ತೇನೆ ಎಂದು ಮೇಡಮ್ ಹೇಳಿದರು. ರಜೆ ಮುಗಿಸಿ ಶ್ರಾವಣದಲ್ಲಿ ಬರುತ್ತೇನೆ ಎಂದರು. ಅಷ್ಟೇ! ಅಂದಿನಿಂದ ಇವನಿಗೆ ಊಟ ನಿದ್ದೆಯ ಮೇಲೆ ಮನಸ್ಸಿಲ್ಲ. ಕಪಾಟು, ಕಪಾಟು, ಕಪಾಟು. ಮೇಡಮ್ ಬರುವವರೆಗೆ ಕಲ್ಲು ಹೊಳೆಯುತ್ತಿರಬೇಕು. ಅದೇ ಜಪ.

ಮೊದಲು ಅದನ್ನು ನನ್ನ ಜೋಳದ ಹಿಟ್ಟಿನ ಡಬ್ಬಿಯಲ್ಲಿ ಹುಗಿದಿಟ್ಟ. ಹಿಟ್ಟು ಒಣಗಿರುತ್ತದೆ, ಕಲ್ಲು ಬೆಚ್ಚಗಿರುತ್ತದೆ ಎಂದು! ನನಗೆ ಹೇಳಲಿಲ್ಲ. ರೊಟ್ಟಿ ಮುರಿದ ನನ್ನ ಮಗ ಮೂಸಿ ನೋಡಿ ಕೇಳಿದ, “ಅವ್ವಾ, ದೀಪಾವಳಿ ಬಂತೇನು?” ಕೈ ಹಾಕಿ ನೋಡಿದರೆ ಕೋಳಿಜುಟ್ಟು! ಹಿಟ್ಟೆಲ್ಲ ಚೆಲ್ಲಿದೆ. ಕಲ್ಲನ್ನೂ ಚೆಲ್ಲುವವಳಿದ್ದೆ, ಇವನು ಡಬ್ಬಿಗೆ ಅಡ್ಡ ಮಲಗಿದ.

ಆಮೇಲೆ ಒಂದು ಸ್ಟೀಲಿನ ಡಬ್ಬಿ. ಅದರೊಳಗೆ ಹಾಸಲು ನನ್ನ ಟ್ರಂಕಿನಿಂದ ಗುಳೇದಗುಡ್ಡದ ಖಣ, ಯಾರೂ ಕುಪ್ಪಸ ಹೊಲಿಸದೆ ಇಟ್ಟದ್ದು. ನಮ್ಮ ಮನೆಯಲ್ಲಿ ಯಾವ ಸೊಸೆಗೂ ಅಷ್ಟು ಮರ್ಯಾದೆ ಸಿಕ್ಕಿಲ್ಲ.

ಅಷ್ಟರಲ್ಲಿ ಮಳೆ ಹಿಡಿಯಿತು. ಬೆಳಗಾವಿಯ ಮಳೆಯಲ್ಲಿ ಟಾವೆಲ್ಲು ಒಣಗುವುದಿಲ್ಲ, ಉಪ್ಪು ನೀರಾಗುತ್ತದೆ, ಚಪ್ಪಲಿಗೆ ಬೂಸು ಹಿಡಿಯುತ್ತದೆ. ಕಲ್ಲೂ ಮಂಕಾಯಿತು. ಆಗ ನಮ್ಮ ಪಂಡಿತನಿಗೆ ಹೊಳೆಯಿತು: ಹಿತ್ತಾಳೆಯಂತೆ ಇದೆ, ಹಿತ್ತಾಳೆಯಂತೆ ಮಂಕಾಗಿದೆ, ಹಾಗಾದರೆ ಹಿತ್ತಾಳೆಯಂತೆ ಬೆಳಗಬೇಕು! ಉಂಡ ತಾಟನ್ನು ಒಂದು ದಿನವೂ ತೊಳೆದವನಲ್ಲ. ನನ್ನ ಹುಣಸೆಹಣ್ಣು ನೆನೆಹಾಕಿ ದೇವರ ಸಾಮಾನು ಬೆಳಗಿದಂತೆ ತಿಕ್ಕಿದ. ಹೊಳೆಯಿತು. ಮತ್ತೆ ಮಂಕಾಯಿತು. ಮತ್ತೆ ತಿಕ್ಕಿದ. ಅದು ಮಂಕಾದಷ್ಟೂ ಇವನು ತಿಕ್ಕಿದ, ಇವನು ತಿಕ್ಕಿದಷ್ಟೂ ಅದು ಮಂಕಾಯಿತು. ಸಾರಿಗೆ ಹುಣಸೆಹಣ್ಣು ಉಳಿಯಲಿಲ್ಲ, ಟೊಮೆಟೊ ಹಿಂಡಿದೆ.

“ಸಾಕು ಬಿಡೋ, ಮೈ ತಿಕ್ಕಿಕೊಂಡಿದ್ರ ನೀನರ ಹೊಳೀತಿದ್ದಿ!” ಅಂದೆ.

“ನಿಮಗ ತಿಳಿಯಂಗಿಲ್ಲ ವೈನಿ.”

ಶ್ರಾವಣ ಬಂತು, ಮೇಡಮ್ ಬಂದರು. ಇವನು ಇಸ್ತ್ರಿ ಮಾಡಿದ ಅಂಗಿ ಹಾಕಿದ್ದ, ಕಿಸೆಯಲ್ಲಿ ಕಲ್ಲಿರಲಿಲ್ಲ. ಮಳೆ ಜೋರಾದ ಮೇಲೆ, ತೆಗೆದರೆ ಮತ್ತೆ ಮಂಕಾದೀತೆಂದು, ಕೆಲವು ವಾರ ಡಬ್ಬಿಯನ್ನು ತೆರೆದಿರಲಿಲ್ಲ. ಕಡೆಯ ಸಲ ತಿಕ್ಕಿ ಹಾಗೆಯೇ ಹಸಿಯಾಗಿ ಖಣದಲ್ಲಿ ಸುತ್ತಿಟ್ಟಿದ್ದ. ಈಗ ಎಲ್ಲರ ಮುಂದೆ ಮುಚ್ಚಳ ತೆಗೆದ.

ಒಳಗೆ ಬೂದಿಬಣ್ಣದ ಬಿಳಿ ಪುಡಿ. ಖಣದ ತುಂಬ ತೂತು. ಡಬ್ಬಿಯ ತಳ ಕಪ್ಪು. ವಾಸನೆಯೊಂದು ಮಾತ್ರ ಜೀವಂತ.

“ಯಾರೋ ಬದಲಿ ಮಾಡ್ಯಾರ!” ಎಂದು ಕೂಗಿದ. ಓಣಿಗೆ ಕೇಳಿಸಿದ್ದು ಆ ಕೂಗೇ.

“ಯಾರೂ ಮಾಡಿಲ್ಲ. ನೀನ ತಿಕ್ಕಿ ಕೊಂದಿ,” ಅಂದೆ.

ಮೇಡಮ್ ನಗಲಿಲ್ಲ. ಬಹಳ ಸಮಾಧಾನದ ಹೆಣ್ಣುಮಗಳು. ಪುಡಿಯನ್ನು ಕಡ್ಡಿಯಿಂದ ಕೆದರಿ ಹೇಳಿದರು: “ಅಜ್ಜಿ ಹೇಳೂದ ಖರೇ ಐತ್ರಿ. ಈ ಕಲ್ಲಿನ ಗುಣಾನ ಹಂಗ. ಹಸಿ ಗಾಳಿ ತಾಗಿದ್ರ ಒಳಗಿನ ಗಂಧಕ ಆ್ಯಸಿಡ್ ಆಗತೈತಿ, ತನ್ನ ತಾನ ತಿನ್ನತೈತಿ. ಪೈರೈಟ್ ಬಿಸಿಯಾಗೂ ಹುಟ್ಟತೈತಿ, ತಣ್ಣಗೂ ಹುಟ್ಟತೈತಿ. ಇದು ಹಂಗಲ್ಲ. ನೆಲದಾಗ ಬಾಳ ಆಳ ಇಲ್ಲದ ಕಡೆ, ಕರಿ ಕೆಸರಿನಾಗ, ಹುಳಿ ನೀರಿನಾಗ ತಣ್ಣಗ ಹೆಪ್ಪುಗಟ್ಟತೈತಿ. ಅದಕ್ಕ ನಾಜೂಕು.”

ಮೊಸರಿನ ಜಾತಿ ಅನ್ನಿ. ಹೆಪ್ಪು ಹಾಕಿದ್ದನ್ನು ತಿಕ್ಕಿ ತೊಳೆದರೆ ಉಳಿಯುತ್ತದೆಯೇ?

ಮೇಡಮ್ ಡಬ್ಬಿ ಮುಚ್ಚುತ್ತ ಕೇಳಿದರು, “ಬಾವ್ಯಾಗ ಸಿಕ್ಕಿದ್ದಂದ್ರಲ್ಲ? ಆ ಬಾವಿ ನೀರು ಹುಳಿ ಐತೇನ್ರಿ? ಈ ಕಲ್ಲಿನ ಪದರಕ್ಕ ಗಾಳಿ ತಾಗಿದ್ರ ನೀರೂ ಕೆಡತಾವ.”

ಮೈದುನ ಪುಡಿಯಿಂದ ತಲೆಯೆತ್ತಿದ. ಅವನ ಕಣ್ಣಿನಲ್ಲಿ ನೀರಿತ್ತು. ಎಪ್ಪತ್ತರ ಹತ್ತಿರದ ಮುದುಕ, ಅಳುತ್ತಿರುವುದು ಕಲ್ಲಿಗಾಗಿ ಎಂದುಕೊಂಡೆ.

“ಅದನ್ನ ಬರದ ಕೊಡ್ತೀರೇನ್ರಿ ಮೇಡಮ್? ನಮ್ಮ ಊರಾಗ ಎಲ್ಲಾರಿಗೂ ಓದಿ ತೋರಸತೀನಿ. ಬಾವಿ ಕೆಡಿಸಿದ್ದು ಕಲ್ಲು, ನಮ್ಮ ವೈನಿ ಕಾಲ್ಗುಣ ಅಲ್ಲ ಅಂತ.”

ಮೊಮ್ಮಗನ ಹೆಂಡತಿ ನನ್ನ ಮುಖ ನೋಡಿದಳು. ನಾನು ಖಣದ ತೂತುಗಳನ್ನು ನೋಡುತ್ತ ಕುಳಿತೆ. ಆ ಮಾತು ಹುಟ್ಟಿಸಿದ ಅತ್ತೆ ಹೋದರು, ಹೌದೆಂದ ಮುದುಕರು ಹೋದರು, ನಮ್ಮ ಯಜಮಾನರೂ ಹೋದರು. ನಾನೇ ಮರೆತಿದ್ದೆ. ತಂಬಿಗೆ ಹಿಡಿದು ಹಿಂದೆ ಬರುತ್ತಿದ್ದವನು ಮಾತ್ರ ಮರೆತಿರಲಿಲ್ಲ. ಇಷ್ಟು ವರ್ಷ ಇವನು ನೆಕ್ಕಿದ್ದು ಗೀಚಿದ್ದು ಎಲ್ಲ, ನನ್ನ ಕಾಲಿಗೆ ಅಂಟಿದ ಆ ಒಂದು ಮಾತನ್ನು ತೊಳೆಯಲಿಕ್ಕೆ!

“ಪುಡಿ ಇಟ್ಟು ಬರಿಯಾಕ ಬರಂಗಿಲ್ರೀ ಅಜ್ಜಾರ,” ಅಂದರು ಮೇಡಮ್. “ಗಟ್ಟಿ ತುಣುಕೊಂದು ಬೇಕು. ಕರಿಗಲ್ಲಿನ ಹೊಟ್ಟ್ಯಾಗ ಮುಚ್ಚಿಕೊಂಡಿದ್ದು ಇನ್ನೂ ಚಲೋ ಇರಬಹುದು.”

ಭಾವನ ಮಗನಿಗೆ ಫೋನು ಹಚ್ಚಿಸಿದೆ. “ಆ ಕಲ್ಲೇನ್ರಿ ಕಾಕೂ? ನಾಳೆ ಮುಂಜಾನೆ ಟ್ರ್ಯಾಕ್ಟರಿಗೆ ತುಂಬಿ ಹೊಲದ ಹಾದಿ ರಾಡಿಗೆ ಹಾಕೂದೈತಿ,” ಅಂದ. ತಡಿ ಅನ್ನುವಷ್ಟರಲ್ಲಿ ಮಳೆಗೆ ಲೈನು ಕಡಿಯಿತು, ಮತ್ತೆ ಹತ್ತಲಿಲ್ಲ. ಮೈದುನ ಗೋಡೆಗೆ ಒರಗಿದ.

ನಾನು ಮೇಡಮ್ಮಿಗೆ ಕೇಳಿದೆ, “ಗಾಳಿ, ಹಸಿ, ಎರಡೂ ತಾಗಬಾರದು, ಹೌದಲ್ರಿ? ಎಣ್ಣ್ಯಾಗ ಮುಳಗಿಸಿ ತಂದ್ರ? ಉಪ್ಪಿನಕಾಯಿ ಇಟ್ಟಂಗ?”

ಅವರು ವಿಚಾರ ಮಾಡಿದರು. “ಕಾಲೇಜು ಮುಟ್ಟೂಮಟ ನಡೀತೈತ್ರಿ. ಉಪ್ಪು ಮಾತ್ರ ಹಾಕಬ್ಯಾಡ್ರಿ ಅಜ್ಜೀ!”

ಮರುದಿನ ಬೆಳಕು ಹರಿಯುವ ಹೊತ್ತಿಗೆ ಎದ್ದೆ. ಭರಣಿಯಲ್ಲಿದ್ದ ಮಾವಿನ ಉಪ್ಪಿನಕಾಯಿಯನ್ನೆಲ್ಲ ಪಾತೇಲಿಗೆ ಸುರಿದೆ. ಭರಣಿ ತೊಳೆದು, ಒಲೆಯ ಬಾಜು ಕಾಯಿಸಿ, ಹನಿ ಇಲ್ಲದಂತೆ ಒರೆಸಿ, ಅರ್ಧಕ್ಕೆ ಶೇಂಗಾ ಎಣ್ಣೆ ತುಂಬಿ ಬಾಯಿಗೆ ಬಟ್ಟೆ ಬಿಗಿದೆ. ಖೋಲಿಯ ಬಾಗಿಲು ಬಡಿದು, “ಏಳೋ, ಸುತ್ತಿಗಿ ತಗೋ. ಇವತ್ತ ಏನನ್ನೂ ನೆಕ್ಕಿಗಿಕ್ಕಿದ್ರ ನೋಡು,” ಅಂದೆ. ಬಸ್ಸಿನಲ್ಲಿ ಅದೇ ಕಂಡಕ್ಟರ್.

“ಅಜ್ಜೀ, ಭರಣ್ಯಾಗ ಏನೈತ್ರಿ?”

“ಎಣ್ಣಿ. ಬರೂಮುಂದ ಕಲ್ಲಿರತಾವ.”

ಅವನು ಇಬ್ಬರನ್ನೂ ನೋಡಿ, ತನ್ನ ಸೊಂಟ ಮುಟ್ಟಿಕೊಂಡು ಮುಂದೆ ಹೋದ.

ಹೊಲ ಮುಟ್ಟುವಾಗ ಟ್ರ್ಯಾಕ್ಟರ್ ಚಾಲೂ ಆಗಿತ್ತು. ಕೈ ಅಡ್ಡ ಹಿಡಿದು ಬಂದ್ ಮಾಡಿಸಿದೆ. ಕರಿಗಲ್ಲಿನ ಗುಡ್ಡೆ ಮಳೆಗೆ ಜಾರುತ್ತಿತ್ತು. ಮೈದುನ ನನ್ನ ಹಿಂದೆ ಭರಣಿ ಹಿಡಿದು ನಿಂತ. ಸೀರೆ ಎತ್ತಿ ಕಟ್ಟಿದೆ. ಊರಿನ ಕೆಲವರು ನೋಡುತ್ತ ನಿಂತಿದ್ದರು, ನೋಡಲಿ ಎಂದೇ ಮೊದಲು ಬಲಗಾಲನ್ನಿಟ್ಟು ಹತ್ತಿದೆ. ಸುತ್ತಿಗೆಗೆ ಕೈ ಚಾಚಿದೆ.