ಮಸ್ಕಿ ಎಂಗೇಜ್ ಅದ

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಒಂದೇ ಒಂದು "ಹೂಂ".

ಐದು ದಿನದ ಹಿಂದೆ ವಿರೇಶ ಲಿಂಗಸೂಗೂರಿಗೆ ಹೆಣ್ಣು ನೋಡಲು ಹೋಗಿದ್ದ. ಪಂಪಣ್ಣನವರ ಪಡಸಾಲೆಯಲ್ಲಿ ಉಪ್ಪಿಟ್ಟಿನ ತಟ್ಟೆ ಹಿಡಿದು ಕೂತಿದ್ದವನಿಗೆ ಹುಡುಗಿ ಅಮರೇಶ್ವರಿ ಕೇಳಿದ್ದು ಒಂದೇ ಪ್ರಶ್ನೆ. "ಮಸ್ಕ್ಯಾಗ ನಿಮ್ಮದು ಕಂಪ್ಯೂಟರ್ ಅಂಗಡಿ ಅಂತಲ್ರೀ. ಇ-ಮೇಲ್ ನೋಡ್ತೀರೇನು?"

ವಿರೇಶನ ಅಂಗಡಿಯ ಹಳೇ ಕಂಪ್ಯೂಟರು ಅಲ್ಲಿಯವರೆಗೆ ನೋಡಿದ್ದು ಲಗ್ನಪತ್ರಿಕೆ, ಶ್ರದ್ಧಾಂಜಲಿ ಮತ್ತು 'ಎಮ್ಮೆ ಕಳೆದಿದೆ' ಚೀಟಿ ಮಾತ್ರ. ಆದರೆ ಮಾವನಾಗಬೇಕಾದವರು ಎದುರಿಗೇ ಮೀಸೆ ತೀಡುತ್ತ ಕೂತಾಗ ಯಾವ ಹೀರೋ "ಇಲ್ಲ" ಅಂತಾನೆ?

"ಹೂಂರೀ, ದಿನಾ ನೋಡ್ತೀನಿ" ಅಂದುಬಿಟ್ಟ.

"ಹಂಗಾರ ನನ್ನ ಮಾತು ಅದರಾಗ ತಿಳಸ್ತೀನಿ. ಸೋಮವಾರ ನೋಡ್ರಿ."

ಇದು ಅವನು ನೋಡಿದ ಹನ್ನೆರಡನೇ ಹೆಣ್ಣು. ಹನ್ನೊಂದು ಕಡೆ ಕೈತಪ್ಪಿತ್ತು. ಅರ್ಧ ಮಸ್ಕಿಯ ಲಗ್ನಪತ್ರಿಕೆ ಅವನ ಕೈಯಿಂದಲೇ ಅಚ್ಚಿಗೆ ಹೋಗಿತ್ತು. ಅವನದೊಂದು ಮಾತ್ರ ಪ್ರೂಫಿನಲ್ಲೇ ನಿಂತಿತ್ತು.

ಮರುದಿನವೇ ಬಸ್ಸು ಹತ್ತಿ ಸಿಂಧನೂರಿಗೆ ಓಡಿದ. ಅಲ್ಲಿ ಕಂಪ್ಯೂಟರ್ ಅಂಗಡಿಯ ಶಿವಪ್ರಸಾದ ಅವನಿಗೊಂದು ಇ-ಮೇಲ್ ವಿಳಾಸ ಮಾಡಿಕೊಟ್ಟ, ಯಾರೋ ವಾಪಸು ಕೊಟ್ಟಿದ್ದ ಮೋಡೆಮ್ ಕಾರ್ಡೊಂದನ್ನು ದೂಳು ಊದಿ ಕೈಗಿಟ್ಟ.

"ಫೋನ್ ಲೈನು ಇದಕ್ಕ ಚುಚ್ಚಿದ್ರ ಆತಣ್ಣ, ಜಗತ್ತೇ ನಿನ್ನ ಅಂಗಡ್ಯಾಗ. ಅಷ್ಟು ಅವಸರ ಯಾಕಂತೀನಿ?"

ವಿರೇಶ ಹೇಳಿದ. ಹುಡುಗಿಯ ಕಣ್ಣು, ನಗೆ, ಕಂಪ್ಯೂಟರ್ ಕಲಿಕೆ, ಉಪ್ಪಿಟ್ಟಿನ ರುಚಿ, ಒಂದೂ ಬಿಡದೆ ಹೇಳಿದ. ಶಿವಪ್ರಸಾದ ಬಹಳ ಲಕ್ಷ್ಯಗೊಟ್ಟು ಕೇಳಿದ. ಮನೆ ಯಾವ ಓಣಿಯಲ್ಲಿದೆ ಎಂಬುದನ್ನೂ ಕೇಳಿದ. ಎಂಥ ಪ್ರೀತಿಯ ಮನುಷ್ಯ ಅಂದುಕೊಂಡ ವಿರೇಶ, ಊರಿಗೆ ಬಂದು ಫೋನಿನಲ್ಲಿ ಅಮರೇಶ್ವರಿಗೆ ತನ್ನ ವಿಳಾಸ ಹೇಳಿದ.

ಸೋಮವಾರ ಬೆಳಗ್ಗೆ ಒಂಬತ್ತಕ್ಕೆ ಊದಿನಕಡ್ಡಿ ಹಚ್ಚಿ ಕಂಪ್ಯೂಟರ್ ಚಾಲೂ ಮಾಡಿದ. 'ಮೋಡೆಮ್ ಕಾಣುತ್ತಿಲ್ಲ' ಎಂದು ಪರದೆಯ ಮೇಲೆ ಬಂತು.

"ನನ್ನ ಕಣ್ಣಿಗೆ ಕಾಣತದ, ನಿನ್ನ ಕಣ್ಣಿಗೆ ಕಾಣವಲ್ದಾ?" ಎಂದು ಅದನ್ನೇ ಗದರಿಸಿ, ಸಿಂಧನೂರಿಗೆ ಫೋನ್ ಮಾಡಿದ. ಎತ್ತಿದವನು ಶಿವಪ್ರಸಾದನ ಪಾಲುದಾರ ಲಾಲ್‌ಸಾಬ್.

"ಶಿವಪ್ರಸಾದ ಇಲ್ರೀ. ಲಿಂಗಸೂಗೂರಿಗೆ ಹೋಗ್ಯಾನ. ಅಲ್ಲೊಂದು ಹೊಸಾ ಕನೆಕ್ಷನ್ ಅದ ಅಂದ. ಇಸ್ತ್ರಿ ಅಂಗಿ ಹಾಕ್ಕೊಂಡು, ಸೆಂಟ್ ಹೊಡ್ಕೊಂಡು ಹೋಗ್ಯಾನ ನೋಡ್ರಿ."

"ಕನೆಕ್ಷನ್ ಕೊಡಾಕ ಸೆಂಟ್ ಯಾಕ್ರೀ?"

"ದೊಡ್ಡ ಗಿರಾಕಿ ಇರಬೇಕ್ರೀ. ನೀವೊಂದು ಕೆಲಸ ಮಾಡ್ರಿ. ಕಾರ್ಡ್ ಬಿಚ್ಚಿ ಬ್ಯಾರೆ ಕಡಿ ಹಾಕ್ರಿ, ಹಳೇ ಡ್ರೈವರ್ ತಗದು ಹೊಸದಾಗಿ ಹಾಕ್ರಿ."

ಈ ಮಾತು ಮುಗಿಯುವಷ್ಟರಲ್ಲಿ ಪಕ್ಕದ ಅಂಗಡಿಯ ಮಲೀಕಸಾಬ ಸ್ಕ್ರೂಡ್ರೈವರ್ ಹಿಡಿದು ಒಳಗೆ ಬಂದಾಗಿತ್ತು. ರೇಡಿಯೋ, ಮಿಕ್ಸಿ, ಟೇಬಲ್ ಫ್ಯಾನ್ ರಿಪೇರಿಯಲ್ಲಿ ಕೂದಲು ಬೆಳ್ಳಗಾದ ಮನುಷ್ಯ. ಯಾವ ಯಂತ್ರದ ಹೊಟ್ಟೆ ಮುಚ್ಚಿದ್ದರೂ ಅವರಿಗೆ ಸಮಾಧಾನವಿಲ್ಲ.

"ಅರೇ ಬೇಟಾ, ಫಿಕರ್ ಮಾಡಬ್ಯಾಡ. ಮಿಕ್ಸಿ ಆದ್ರೇನು, ಕಂಪ್ಯೂಟರ್ ಆದ್ರೇನು? ಒಳಗ ಕರೆಂಟು ಒಂದೇ."

ಎರಡೇ ನಿಮಿಷದಲ್ಲಿ ಕಂಪ್ಯೂಟರಿನ ಡಬ್ಬಿ ಬಿಚ್ಚಿ, ಕಾರ್ಡು ಕಿತ್ತು, ಅದರ ಹಲ್ಲುಗಳನ್ನು ರಬ್ಬರಿನಿಂದ ತಿಕ್ಕಿ, ಬೇರೆ ಸಂದಿಯಲ್ಲಿ ಒತ್ತಿದರು. ಕೈಯಲ್ಲಿ ಎರಡು ಸ್ಕ್ರೂ ಉಳಿದವು. "ಕಂಪನಿಯವ್ರು ಜಾಸ್ತಿ ಹಾಕಿರ್ತಾರ" ಎಂದು ಜೇಬಿಗಿಟ್ಟರು.

"ಈಗ ಡ್ರೈವರ್ ಬೇಕು" ಅಂದ ವಿರೇಶ ಡ್ರಾ ಎಳೆದು, ಮೋಡೆಮ್ ನಡೆಸುವ ಆ ಪ್ರೋಗ್ರಾಮಿನ ಫ್ಲಾಪಿ ಹುಡುಕತೊಡಗಿದ.

ಹೊರಗೆ ಮಿರ್ಚಿ ಬಂಡಿಯ ಸೂಗಮ್ಮ ಎಣ್ಣೆ ಸೋರುವ ಝಾರಿ ಸೌಟು ಕೈಯಲ್ಲಿ ಹಿಡಿದೇ ಇಣುಕಿದಳು. "ಡ್ರೈವರ್ ಬೇಕೇನೋ ವಿರೇಶ? ನಮ್ಮಕ್ಕನ ಮಗ ಜವಳಗೇರಾದಾಗ ಖಾಲಿ ಕುಂತಾನ. ಟ್ರ್ಯಾಕ್ಟರ್ ಹೊಡಿತಾನ, ಜೀಪ್ ಹೊಡಿತಾನ, ಇದನ್ನೂ ಹೊಡಿತಾನ ತಗೋ."

"ಇದು ಹೊಡಿಯೂದಲ್ಲಬೇ ಯಕ್ಕಾ!"

"ಹೊಡೀದs ಇದ್ರ ಹ್ಯಾಂಗ ನಡಿತದ ಮತ್ತ?"

ಡ್ರೈವರ್ ಹೊಕ್ಕಿತು. ಮೋಡೆಮ್ ಕಂಡಿತು. ಆದರೆ ಮೌಸ್ ಸತ್ತಿತು. ಒಂದೇ ಕುರ್ಚಿಗೆ ಇಬ್ಬರು ಕಂಡಕ್ಟರ್ ಕೂತಂತೆ, ಮೌಸಿನ ಜಾಗದಲ್ಲಿ ಮೋಡೆಮ್ ಹೋಗಿ ಕೂತಿತ್ತು. ಅದನ್ನು ಎಬ್ಬಿಸಿ ಬೇರೆ ಜಾಗ ಕೊಡಿಸುವಷ್ಟರಲ್ಲಿ ವಿರೇಶ ಮೂರು ಸಲ ತೆಗೆದು ಮೂರು ಸಲ ಹಾಕಿದ್ದ. ಮೂರನೇ ಸಲ ಎದ್ದು ನಿಂತು, ಮುಷ್ಟಿ ಬಿಗಿದು, "ಈ ಅಂಗಡ್ಯಾಗ ಇವತ್ತು ಇದರs ಇರಬೇಕು, ನಾನರs ಇರಬೇಕು!" ಎಂದು ಗುಡುಗಿದ. ಮಲೀಕಸಾಬರು ಅವನನ್ನು ಮೆಲ್ಲಗೆ ಕೂರಿಸಿ ಚಹಾ ತರಿಸಿದರು.

ಟೆಲಿಫೋನಿನ ವೈರು ಕಿತ್ತು ಮೋಡೆಮ್ಮಿಗೆ ಚುಚ್ಚಿದ್ದಾಯಿತು. ಈಗ ಹೊಸ ರಾಗ: 'ಡಯಲ್ ಟೋನ್ ಇಲ್ಲ.' ಇಬ್ಬರೂ ತಲೆ ಕೆರೆದುಕೊಂಡರು. ಪ್ಲೇಟು ಮಿರ್ಚಿ ತಂದಿದ್ದ ಸೂಗಮ್ಮ ಬಗ್ಗಿ ಕಂಪ್ಯೂಟರಿನ ಬೆನ್ನು ನೋಡಿದಳು.

"ಇಲ್ಲಿ ಎರಡು ತೂತು ಅದಾವಲ್ಲೋ. ಒಂದಕ್ಕ ಫೋನಿನ ಚಿತ್ರ ತಗದಾರ, ಇನ್ನೊಂದಕ್ಕ ಗ್ವಾಡಿ ಚಿತ್ರ ತಗದಾರ. ಗ್ವಾಡಿಯಿಂದ ಬಂದ ವೈರು ಫೋನಿನ ತೂತಿಗೆ ಯಾಕ ಹಾಕೀರಿ?"

ಮಲೀಕಸಾಬರು ಗಂಟಲು ಸರಿಮಾಡಿಕೊಂಡರು. "ನಾನೂ ಅದನ್ನs ಹೇಳಾವಿದ್ದೆ."

ವೈರು ಬದಲಾಯಿತು. ಮೋಡೆಮ್ಮು ಮೊದಲು ಗುರ್ ಅಂತು, ಆಮೇಲೆ ಟುಕ್ ಟುಕ್ ಎಂದು ನಂಬರು ಒತ್ತಿತು, ಕೊನೆಗೆ ಕುಂಯ್ ಕುಂಯ್ ಅಂತ ನಿಂತಿತು.

"ಏನಂತದಲೇ?" ಸೂಗಮ್ಮ ಕೇಳಿದಳು.

"ಇಂಟರ್ನೆಟ್ಟಿನ ನಂಬರ್ ಎಂಗೇಜ್ ಅದ."

"ನಂಬರಿಗೂ ಎಂಗೇಜ್ ಆತು, ನಿನಗs ಆಗವಲ್ದು ನೋಡು!" ಎಂದು ನಗುತ್ತ ಬಂಡಿಗೆ ಹೋದಳು.

ಆಗ ಹನ್ನೊಂದು ಗಂಟೆ. ವಿರೇಶ ಸೋಲುವವನಲ್ಲ. 'ಸಿಗುವ ತನಕ ತಾನೇ ಮತ್ತೆ ಮತ್ತೆ ಡಯಲ್ ಮಾಡು' ಎಂದು ಕಂಪ್ಯೂಟರಿಗೆ ಹೇಳಿ ಕೈಕಟ್ಟಿ ಕೂತ. ಅದು ನಿಷ್ಠಾವಂತ ಎತ್ತಿನ ಹಾಗೆ ಸುತ್ತತೊಡಗಿತು. ಗುರ್, ಟುಕ್ ಟುಕ್, ಕುಂಯ್. ಹನ್ನೆರಡಾಯಿತು. ಜನಗಣತಿಯ ಫಾರ್ಮ್ ತುಂಬಿಸಲು ಬಂದ ಮೇಷ್ಟ್ರನ್ನು ವಾಪಸು ಕಳಿಸಿದ. ಎರಡಾಯಿತು. ಮಲೀಕಸಾಬರು ನಮಾಜು ಮುಗಿಸಿ, ಊಟ ಮುಗಿಸಿ, ನಿದ್ದೆ ಮುಗಿಸಿ ಬಂದರು. ಗುರ್, ಟುಕ್ ಟುಕ್, ಕುಂಯ್. ಪಕ್ಕದಲ್ಲಿ ವೈರು ಕಿತ್ತ ಟೆಲಿಫೋನು ಬಾಯಿ ಕಟ್ಟಿದ ಸಾಕ್ಷಿಯ ಹಾಗೆ ಸುಮ್ಮನೆ ಕೂತಿತ್ತು.

ನಾಲ್ಕೂವರೆಗೆ ಮೋಡೆಮ್ಮು ಕುಂಯ್ ಅನ್ನಲಿಲ್ಲ. ಹಂಚಿನ ಮೇಲೆ ಮೊಳೆ ಎಳೆದಂತೆ ಕಿರುಚಿ, ತೆಪ್ಪಗಾಯಿತು.

"ಬಂತು!" ವಿರೇಶ ಕೂಗಿದ. ಮಲೀಕಸಾಬರು ಅವನನ್ನು ತಬ್ಬಿಕೊಂಡರು. ಸೂಗಮ್ಮ ಬಾಣಲೆಯನ್ನು ಒಲೆಯಿಂದ ಇಳಿಸಿಯೇ ಬಂದಳು.

ಪೆಟ್ಟಿಗೆಯಲ್ಲಿ ಒಂದೇ ಪತ್ರವಿತ್ತು. ಬೆಳಗ್ಗೆ ಹತ್ತಕ್ಕೆ ಬಂದದ್ದು. ಅಮರೇಶ್ವರಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಬರೆದಿದ್ದಳು. ವಿರೇಶ ಗಟ್ಟಿಯಾಗಿ ಓದಿದ:

"ನನಗೆ ನೀವು ಒಪ್ಪಿಗೆ."

ಸೂಗಮ್ಮ ಅಲ್ಲೇ ಅವನ ನೆಟಿಗೆ ಮುರಿದು ದೃಷ್ಟಿ ತೆಗೆದಳು. "ಓದೋ ಓದೋ, ಮುಂದ?"

"ಇವತ್ತು ನಮ್ಮ ಮನೆಯವರು ನಿಮ್ಮ ಅಂಗಡಿಗೆ ಫೋನ್ ಮಾಡ್ತಾರೆ. ಸಂಜೆಯೊಳಗೆ ನೀವು ಹೂಂ ಅಂದರೆ ಮುಗೀತು. ಸಿಂಧನೂರಿನ ಇನ್ನೊಬ್ಬ ಹುಡುಗ ಇವತ್ತೇ ನೋಡೋಕೆ ಬರ್ತಿದ್ದಾನೆ. ದಯವಿಟ್ಟು ಅಲ್ಲಿಯವರೆಗೆ ಫೋನ್ ಮಾತ್ರ ಖಾಲಿ ಇಡಿ."

ಮೂವರ ಕಣ್ಣೂ ಒಟ್ಟಿಗೇ ಟೆಲಿಫೋನಿನ ಮೇಲೆ ಹೋದವು.

ವಿರೇಶ ಹಾರಿ ಬಿದ್ದು ಮೋಡೆಮ್ಮಿನ ವೈರು ಕಿತ್ತು ಫೋನಿಗೆ ಚುಚ್ಚಿದ. ಚುಚ್ಚಿದ್ದೇ ತಡ, ಸಿನಿಮಾದಲ್ಲಿ ಆಗುವ ಹಾಗೆ ಅದು ರಿಂಗಾಯಿತು.

"ನಾನ್ರೀ, ಲಿಂಗಸೂಗೂರು ಪಂಪಣ್ಣ."

"ಹೂಂರೀ ಮಾವಾರ! ಹೂಂ! ನಾ ಹೂಂ!"

"ಗೊತ್ತಾತ್ರೀ, ಗೊತ್ತಾತು. ಅಭಿನಂದನೆ ಹೇಳಾಕಂತ ಮಾಡೀನಿ. ನಿಮ್ಮದು ಎಂಗೇಜ್ ಆಗ್ಯದ ಅಂತ ಒಂದು ಮಾತು ಮೊದಲs ಹೇಳಬಾರದೇನ್ರೀ?"

"ಯಾರು ಹೇಳಿದ್ರು?"

"ನಮ್ಮನಿ ಫೋನ್ ಕೆಟ್ಟಿತ್ತು, ಈಗಷ್ಟs ಚಾಲೂ ಆತು. ನಾ ಹೊಲದಾಗಿದ್ದೆ. ನಮ್ಮವ್ವ ತಿಮ್ಮವ್ವನ್ನ ಎಸ್‌ಟಿಡಿ ಬೂತಿಗೆ ಕಳಿಸಿದ್ದೆ. ಆಕಿ ಮೂರು ಸಲ ಹೋದ್ಲು. ಮೂರೂ ಸಲ ಬೂತಿನಾವ, 'ಅಬ್ಬೇ, ಮಸ್ಕಿ ಎಂಗೇಜ್ ಅದ' ಅಂದ್ನಂತ. ಆಕಿ ಮನಿಗೆ ಬಂದು, 'ಮಸ್ಕಿ ಹುಡುಗ ಎಂಗೇಜ್ ಅದಾನಂತ, ಊರಿಗೆಲ್ಲ ಗೊತ್ತದ' ಅಂದ್ಲು."

"ಎಂಗೇಜ್ ಆಗಿದ್ದು ನಾ ಅಲ್ರೀ, ಫೋನು!"

ಪಂಪಣ್ಣನವರ ದನಿ ಮೆತ್ತಗಾಯಿತು. "ಅಯ್ಯ ಶಿವನ! ಈಗ ಏನ್ ಮಾಡೂದ್ರೀ? ನಮ್ಮ ಹುಡುಗೀನೂ ಮಧ್ಯಾಹ್ನತನಾ ಕಂಪ್ಯೂಟರ್ ಕ್ಲಾಸಿನ್ಯಾಗ ಕುಂತು ನಿಮ್ಮ ಮೇಲ್ ಮರುಉತ್ತರ ಕಾದು ಕಾದು, ಸಿಟ್ಟಿಗೆದ್ದು, ಬಂದ ಹುಡುಗಗ ಹೂಂ ಅಂದ್ಲು. ಮೂರು ಗಂಟೆಕ್ಕ ಹೂವು ಮುಡಿಸಿ ಸಕ್ಕರಿ ಹಂಚೀವಿ. ತಡೀರಿ, ನಮ್ಮ ಅಳಿಯ ನಿಮ್ಮ ಜೋಡಿ ಮಾತಾಡ್ತಾನಂತ."

ಫೋನು ಕೈ ಬದಲಾಯಿತು. ಪರಿಚಯದ ದನಿ, ಪ್ರೀತಿಯ ದನಿ.

"ಅಣ್ಣಾ, ನಾ ಶಿವಪ್ರಸಾದ. ಮೋಡೆಮ್ಮು ಕನೆಕ್ಟ್ ಆತೇನಣ್ಣಾ?"

ವಿರೇಶ ಕುರ್ಚಿಯ ಮೇಲೆ ಕುಸಿದ. "ಆತಪ. ಈಗರ ಆತು."

"ನಂದೂ ಆತಣ್ಣ. ಎಲ್ಲಾ ನಿನ್ನಿಂದs. ಅದಕ್ಕs ಲಗ್ನಪತ್ರಿಕೆ ನಿನ್ನ ಹತ್ರನs ಹಾಕಿಸೂದು ಅಂತ ಮಾವಾರಿಗೆ ಹೇಳೀನಿ. ಹೆಸರು ಎಲ್ಲಾ ನಾ ರಾತ್ರಿ ಮೇಲ್ ಕಳಸ್ತೀನಿ, ನೋಡಿಬಿಡು. ಹ್ಯಾಂಗೂ ದಿನಾ ನೋಡ್ತಿ ಅಂತಲ್ಲ?"

ವಿರೇಶ ಒಮ್ಮೆ ಮೋಡೆಮ್ಮನ್ನು ನೋಡಿದ, ಒಮ್ಮೆ ಫೋನನ್ನು ನೋಡಿದ.

"ಹೂಂ" ಅಂದ.